ನಗರದ ಬಸ್ಸಿನಲ್ಲಿ ಕನ್ನಡ: ಒಂದು ಭಾಷಾಧ್ಯಯನ

ಪೀಠಿಕೆ

ಭಾಷೆಯ ಅಧ್ಯಯನವೆಂದೊಡನೆ ಕಾವ್ಯ, ಶಾಸನ, ವ್ಯಾಕರಣ ಇವು ಮೂರೇ ಪಂಡಿತರ ಕಣ್ಣ ಮುಂದೆ ನಿಲ್ಲುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಕಾವ್ಯವನ್ನು ಓದುವವರು ಸಾವಿರ ಮಂದಿಯಾದರೆ, ದಿನವೂ ಬಸ್ಸಿನ ಫಲಕವನ್ನು ಓದುವವರು ಲಕ್ಷಾಂತರ ಮಂದಿ. ಆ ಫಲಕದಲ್ಲಿರುವುದೂ ಕನ್ನಡವೇ. ನಿರ್ವಾಹಕನು ಕೂಗಿ ಹೇಳುವುದೂ ಕನ್ನಡವೇ. ಶಾಲೆಯಲ್ಲಿ ಕಲಿತ ಸಂಧಿ, ಸಮಾಸ, ತದ್ಭವಗಳು ನಿತ್ಯಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತವೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆ ಪ್ರಶ್ನೆಗೆ ಬೆಂಗಳೂರಿನ ಒಂದು ಬಸ್ ಪ್ರಯಾಣವೇ ಸಾಕಷ್ಟು ಉತ್ತರವನ್ನು ಕೊಡಬಲ್ಲದು.

ಇಂದು ನಗರದಲ್ಲಿ ದಾರಿ ತೋರಿಸುವವರು ಇಬ್ಬರು. ಒಬ್ಬನು ಬಸ್ಸಿನ ನಿರ್ವಾಹಕ ಅಥವಾ ದಾರಿಹೋಕ; ಇನ್ನೊಂದು ಅಂಗೈಯಲ್ಲಿರುವ ದೂರವಾಣಿಯ ಭೂಪಟ. ಇವರಿಬ್ಬರ ನಡುವೆ ಸಿನಿಮಾ, ಬಾನುಲಿ ಮೊದಲಾದ ಜನರಂಜನೆಯ ಮಾಧ್ಯಮಗಳು ಊರಿನ ಹೆಸರುಗಳನ್ನೂ ನುಡಿಯನ್ನೂ ಸದ್ದಿಲ್ಲದೆ ರೂಪಿಸುತ್ತ ಬಂದಿವೆ. ಈ ಮೂರರ ಸಂಬಂಧವನ್ನು ಪರಿಶೀಲಿಸಿ, ಅದರಲ್ಲಿ ಕನ್ನಡ ಅಧ್ಯಾಪಕರ ಕರ್ತವ್ಯವೇನೆಂಬುದನ್ನು ವಿಚಾರ ಮಾಡುವುದು ಪ್ರಕೃತ ಲೇಖನದ ಉದ್ದೇಶ.

1. ಬಸ್ಸು ಎಂಬ ಶಬ್ದ, ಸಾರಿಗೆಯ ಶಬ್ದಗಳು

ಮೊದಲು ‘ಬಸ್ಸು’ ಎಂಬ ಶಬ್ದವನ್ನೇ ನೋಡಬಹುದು. ಇದರ ಮೂಲ ಲ್ಯಾಟಿನ್ ಭಾಷೆಯ ‘ಆಮ್ನಿಬಸ್’. ‘ಎಲ್ಲರಿಗೆ’ ಎಂಬುದು ಅದರ ಅರ್ಥ. ಸಂಸ್ಕೃತದ ‘ಸರ್ವೇಭ್ಯಃ’ ಎಂಬ ರೂಪದಂತೆ ಅದೂ ಚತುರ್ಥೀ ವಿಭಕ್ತಿಯ ಬಹುವಚನ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಫ್ರಾನ್ಸಿನಲ್ಲಿ ಎಲ್ಲರಿಗೂ ತೆರೆದ ಕುದುರೆಗಾಡಿಗೆ ಈ ಹೆಸರು ರೂಢಿಗೆ ಬಂತು. ಬಳಕೆಯಲ್ಲಿ ಸವೆದು ಸವೆದು ಪ್ರಕೃತಿ ಬಿದ್ದುಹೋಗಿ, ಪ್ರತ್ಯಯದ ಭಾಗ ಮಾತ್ರ ಉಳಿಯಿತು. ಕನ್ನಡವು ಆ ತುಂಡಿಗೆ ಉಕಾರವನ್ನು ಸೇರಿಸಿ, ಸಕಾರಕ್ಕೆ ದ್ವಿತ್ವವನ್ನು ಕೊಟ್ಟು ‘ಬಸ್ಸು’ ಎಂಬ ನಾಮಪದವನ್ನು ಮಾಡಿಕೊಂಡಿತು. ಬಸ್ಸನ್ನು, ಬಸ್ಸಿನಿಂದ, ಬಸ್ಸಿಗೆ ಎಂದು ಅದಕ್ಕೆ ಎಲ್ಲ ವಿಭಕ್ತಿಗಳೂ ಸಲ್ಲುತ್ತವೆ. ‘ಬಸ್ಸಿಗೆ’ ಎಂದು ನುಡಿದಾಗ ಲ್ಯಾಟಿನ್ನಿನ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿ ಕುಳಿತಿರುತ್ತದೆಂಬುದು ವಿನೋದದ ಸಂಗತಿ.

ಇನ್ನು ದೇಶ್ಯ ಶಬ್ದಗಳು. ‘ನಿಲ್ದಾಣ’ ಎಂಬಲ್ಲಿ ನಿಲ್ ಎಂಬ ಧಾತುವಿಗೆ ‘ತಾಣ’ ಎಂಬ ಪದ ಸೇರಿದೆ. ತಾಣವು ಸಂಸ್ಕೃತದ ‘ಸ್ಥಾನ’ದ ತದ್ಭವ. ಸಂಧಿಯಲ್ಲಿ ತಕಾರಕ್ಕೆ ದಕಾರವು ಆದೇಶವಾಗಿ ಬಂದಿದೆ. ‘ತಂಗುದಾಣ’ದಲ್ಲಿಯೂ ಇದೇ ಕಾರ್ಯ. ‘ನಿಲುಗಡೆ’ ಎಂಬಲ್ಲಿ ನಿಲು ಮತ್ತು ಕಡೆ ಸೇರಿ ಕಕಾರಕ್ಕೆ ಗಕಾರ ಬಂದಿದೆ. ಆದೇಶ ಸಂಧಿಗೆ ಉದಾಹರಣೆ ಕೊಡಲು ಅಧ್ಯಾಪಕನು ಹಳೆಯ ಪಠ್ಯಗಳನ್ನೇ ಹುಡುಕಬೇಕಿಲ್ಲ. ರಸ್ತೆಯ ಬದಿಯ ಫಲಕವನ್ನು ತೋರಿಸಿದರೂ ಸಾಕು. ಚಾಲಕ, ನಿರ್ವಾಹಕ ಎಂಬ ಸಂಸ್ಕೃತ ಪದಗಳು ಕಚೇರಿಯ ಬಳಕೆಯವು. ಜನರ ಬಾಯಲ್ಲಿ ಅವರು ಡ್ರೈವರು, ಕಂಡಕ್ಟರು. ಎರಡು ಪದಪಂಕ್ತಿಗಳೂ ಜಗಳವಿಲ್ಲದೆ ಜೊತೆಯಲ್ಲಿ ನಡೆದುಕೊಂಡು ಬಂದಿವೆ.

ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ನಗರ ಸಾರಿಗೆಯನ್ನು ನಡೆಸತೊಡಗಿತು. 1956ರಲ್ಲಿ ಅದು ರಾಷ್ಟ್ರೀಕರಣಗೊಂಡು ಬೆಂಗಳೂರು ಸಾರಿಗೆ ಸೇವೆಯಾಯಿತು. ಹಿರಿಯರ ಬಾಯಲ್ಲಿ ಇಂದಿಗೂ ‘ಬಿ.ಟಿ.ಎಸ್.’ ಎಂಬ ಹೆಸರು ಉಳಿದಿದೆ. 1997ರ ಆಗಸ್ಟ್ 15ರಂದು ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಪ್ರತ್ಯೇಕವಾಗಿ ಸ್ಥಾಪಿತವಾಯಿತು.

2. ನಿರ್ವಾಹಕನ ನುಡಿ

ನಿರ್ವಾಹಕನ ಭಾಷೆ ಮಿತವಾದದ್ದು. ‘ರೈಟ್ ರೈಟ್’, ‘ಹೋಲ್ಡಾನ್’ ಎಂಬ ಎರಡು ಇಂಗ್ಲಿಷ್ ಮಾತುಗಳಿಂದ ಇಡೀ ವಾಹನವೇ ಹೊರಡುತ್ತದೆ, ನಿಲ್ಲುತ್ತದೆ. ಉಳಿದುದೆಲ್ಲ ಕನ್ನಡ: ‘ಒಳಗೆ ಬನ್ನಿ’, ‘ಮುಂದೆ ಹೋಗಿ’, ‘ಚಿಲ್ಲರೆ ಕೊಡಿ’, ‘ಯಾರ್ರೀ ಟಿಕೆಟ್’. ಸಂಬೋಧನೆಯಲ್ಲಿ ಮಾತ್ರ ಅವನು ಬಹು ಸಂಪನ್ನ. ಮುದುಕರಿಗೆ ‘ಯಜಮಾನ್ರೇ’, ವಯಸ್ಸಾದ ಹೆಂಗಸಿಗೆ ‘ತಾಯಿ’ ಅಥವಾ ‘ಅಜ್ಜಿ’, ನಡುವಯಸ್ಸಿನವರಿಗೆ ‘ಅಮ್ಮ’, ‘ಅಣ್ಣ’, ಕಚೇರಿಗೆ ಹೋಗುವವನಿಗೆ ‘ಸಾರ್’. ವಯಸ್ಸು, ವೇಷ, ಮುಖಭಾವಗಳನ್ನು ಒಂದು ಕ್ಷಣದಲ್ಲಿ ಅಳೆದು ತಕ್ಕ ಪದವನ್ನು ಆರಿಸುವ ಈ ಚಾತುರ್ಯ ಯಾವ ಗ್ರಂಥದಿಂದಲೂ ಬಂದದ್ದಲ್ಲ.

ಇದಕ್ಕಿಂತ ಮುಖ್ಯವಾದ ವಿಷಯವೊಂದಿದೆ. ಬೇರೆ ನಾಡುಗಳಿಂದ ಬೆಂಗಳೂರಿಗೆ ಬಂದು ನೆಲೆಸಿದ ಕೂಲಿಯವನಿಗೂ ನೌಕರನಿಗೂ ಕನ್ನಡದ ಮೊದಲನೆಯ ಪಾಠ ದೊರೆಯುವುದು ಬಸ್ಸಿನಲ್ಲಿಯೇ. ‘ಎಲ್ಲಿಗೆ?’ ಎಂಬ ಪ್ರಶ್ನೆ ಅವನ ಕಿವಿಗೆ ಬೀಳುತ್ತದೆ; ಅದಕ್ಕೆ ಉತ್ತರ ಒಂದು ಊರಿನ ಹೆಸರು. ನಾಲ್ಕು ದಿನದಲ್ಲಿ ‘ಎಷ್ಟು’, ‘ಮುಂದಿನ ಸ್ಟಾಪು’, ‘ಇಳೀರಿ’ ಎಂಬುವು ಅವನ ಪಾಲಾಗುತ್ತವೆ. ಕಪ್ಪು ಹಲಗೆ, ಪುಸ್ತಕಗಳಿಲ್ಲದ ಪಾಠಶಾಲೆಯಿದು.

2023ರ ಜೂನ್ 11ರಂದು ಕರ್ನಾಟಕದಲ್ಲಿ ‘ಶಕ್ತಿ’ ಯೋಜನೆ ಆರಂಭವಾಗಿ, ನಾಡಿನ ಮಹಿಳೆಯರಿಗೆ ಸರ್ಕಾರಿ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಹಣದ ಮಾತು ಅಲ್ಲಿಗೆ ಮುಗಿಯಿತಾದರೂ ಮಾತು ಮುಗಿಯಲಿಲ್ಲ. ಶೂನ್ಯ ದರದ ಟಿಕೆಟ್ಟಿಗೂ ಇಳಿಯುವ ಸ್ಥಳದ ಹೆಸರನ್ನು ಹೇಳಲೇಬೇಕು. ಮನೆಗೆಲಸಕ್ಕೆ ಹೋಗುವ, ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಣ್ಣುಮಗಳು ಪ್ರತಿದಿನವೂ ಒಂದು ಊರಿನ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸುತ್ತಾಳೆ. ಓದು ಬಾರದವಳ ಪಾಲಿಗೆ ಆ ಹೆಸರೇ ಭೂಪಟ.

3. ನಿಲುಗಡೆಯ ಹೆಸರುಗಳ ಪಾಠ

ಆ ಹೆಸರುಗಳಲ್ಲಿ ಏನಿದೆ ಎಂಬುದನ್ನು ಈಗ ನೋಡಬಹುದು. ಕೆಂಪೇಗೌಡನು 1537ರಲ್ಲಿ ಪೇಟೆಯನ್ನು ಕಟ್ಟಿಸಿದನೆಂಬುದು ಪ್ರಸಿದ್ಧ ವಿಷಯ. ಅಕ್ಕಿಪೇಟೆ, ಅರಳೇಪೇಟೆ, ರಾಗಿಪೇಟೆ, ಬಳೇಪೇಟೆಗಳು ಸರಕಿನ ಹೆಸರುಗಳನ್ನು ಹೊತ್ತಿವೆ. ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆಗಳು ಕಸುಬಿನವರ, ಸಮುದಾಯದವರ ಹೆಸರುಗಳನ್ನು ಹೊತ್ತಿವೆ. ‘ಪಾಳ್ಯ’ ಎಂದರೆ ದಂಡು ಬೀಡುಬಿಟ್ಟ ಸ್ಥಳ. ಕಲಾಸಿಪಾಳ್ಯದ ‘ಕಲಾಸಿ’ ಎಂಬುದು ಡೇರೆ ಹೂಡುವ, ದಂಡಿನ ಸಾಮಾನು ಸಾಗಿಸುವ ಆಳುಗಳಿಗೆ ಇದ್ದ ‘ಖಲಾಸಿ’ ಎಂಬ ಹೆಸರಿನ ಕನ್ನಡ ರೂಪ. ‘ಅಗರ’ವೆಂಬುದು ಅಗ್ರಹಾರದ ಸವೆದ ರೂಪ.

ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ, ದೊಡ್ಡಕಲ್ಲಸಂದ್ರ ಎಂಬ ಹೆಸರುಗಳ ಕೊನೆಯಲ್ಲಿರುವ ‘ಸಂದ್ರ’ ವಿಚಾರಾರ್ಹವಾದದ್ದು. ಅದು ‘ಸಮುದ್ರ’ ಶಬ್ದದ ರೂಪಾಂತರ. ನಡುವಣ ಉಕಾರ ಲೋಪವಾಗಿ, ಮಕಾರವು ಬಿಂದುವಾಗಿ, ‘ಸಂದ್ರ’ ಎಂದಾಯಿತು. ಇಲ್ಲಿ ಸಮುದ್ರವೆಂದರೆ ಕಡಲಲ್ಲ, ಕೆರೆ. ಕೆರೆಯನ್ನು ಕಟ್ಟಿಸಿದವರು ಅದಕ್ಕೆ ಸಮುದ್ರವೆಂದು ಗೌರವದ ಹೆಸರಿಟ್ಟರು. ಅರಕೆರೆ, ಹೊಸಕೆರೆಹಳ್ಳಿ, ಕೋಣನಕುಂಟೆ ಇವೂ ನೀರಿನ ಹೆಸರುಗಳೇ. ಕುಂಟೆಯೆಂದರೆ ಸಣ್ಣ ಹೊಂಡ. ಬಯಲುಸೀಮೆಯ ಎತ್ತರದ ನೆಲದಲ್ಲಿ, ದೊಡ್ಡ ನದಿಯೊಂದೂ ಇಲ್ಲದ ಊರಿನಲ್ಲಿ, ಮಳೆಯ ನೀರನ್ನು ಕಟ್ಟಿ ಬದುಕಿದ ಜನರ ಚರಿತ್ರೆ ಈ ಹೆಸರುಗಳಲ್ಲಿ ಉಳಿದಿದೆ.

ಇದು ಬರಿಯ ಚರಿತ್ರೆಯ ಮಾತಲ್ಲ. ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಸುತ್ತಮುತ್ತ, ಹೊರ ವರ್ತುಲ ರಸ್ತೆಯಲ್ಲಿ ನೀರು ನಿಂತು, ಜನರು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಬರಬೇಕಾಯಿತು. ಕೆರೆಗಳ ನಡುವಣ ರಾಜಕಾಲುವೆಗಳು ಒತ್ತುವರಿಯಾದುದು ಅದಕ್ಕೆ ಒಂದು ಮುಖ್ಯ ಕಾರಣ. ‘ಸಂದ್ರ’, ‘ಕೆರೆ’, ‘ಕುಂಟೆ’ ಎಂಬ ಪದಗಳ ಅರ್ಥವನ್ನು ಬಲ್ಲವನಿಗೆ ಇಲ್ಲಿ ನೀರು ಹರಿದು ಬರುವ ಹಕ್ಕಿದೆ ಎಂಬುದು ತಿಳಿದಿರುತ್ತದೆ. ಆ ಅರ್ಥವನ್ನು ಮರೆತ ಊರು ತಗ್ಗಿನಲ್ಲಿಯೇ ಮನೆ ಕಟ್ಟುತ್ತದೆ.

ಮತ್ತೊಂದು ಉದಾಹರಣೆ ಹೆಬ್ಬಾಳ. 2018ರಲ್ಲಿ ಆ ಸ್ಥಳದಲ್ಲಿ ಗಂಗರ ಕಾಲದ, ಕ್ರಿ.ಶ. 750ರ ಸುಮಾರಿನ ವೀರಗಲ್ಲೊಂದು ದೊರೆಯಿತು. ಕಿತ್ತಯ್ಯನೆಂಬ ವೀರನ ಸ್ಮಾರಕವದು. ಅದರಲ್ಲಿ ‘ಪೆರ್ಬೊಳಲ್ ನಾಡು’ ಎಂಬ ಹೆಸರಿದೆ. ಪಿರಿದು ಎಂಬುದರ ಸಮಾಸರೂಪ ಪೆರ್. ಪೊಳಲ್ ಎಂದರೆ ಪಟ್ಟಣ. ಎರಡೂ ಸೇರುವಲ್ಲಿ ಪಕಾರಕ್ಕೆ ಬಕಾರ ಆದೇಶವಾಗಿದೆ. ಮುಂದೆ ನಡುಗನ್ನಡದಲ್ಲಿ ಪದಾದಿಯ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಅದೇ ದಾರಿಯಲ್ಲಿ ಪೆರ್ಬೊಳಲ್ ಎಂಬುದು ಹೆಬ್ಬೊಳಲಾಗಿ, ಹೆಬ್ಬಾಳವಾಗಿ ಇಂದು ಬಸ್ಸಿನ ಹಣೆಯ ಮೇಲೆ ಕುಳಿತಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500-ಡಿ ಬಸ್ಸನ್ನು ಏರಿದವನು ಸಾವಿರದ ಇನ್ನೂರು ವರ್ಷಗಳಿಗೂ ಮೀರಿದ ಒಂದು ಕನ್ನಡ ಶಬ್ದವನ್ನು ಓದಿಯೇ ಏರಿರುತ್ತಾನೆ. ಬೇಗೂರಿನ ಶಾಸನವೊಂದರಲ್ಲಿ ಒಂಬತ್ತನೆಯ ಶತಮಾನದ ಕೊನೆಯ ವೇಳೆಗೇ ‘ಬೆಂಗಳೂರು’ ಎಂಬ ಹೆಸರು ಕಾಣಿಸುತ್ತದೆ. ಆದುದರಿಂದ ಬೆಂದ ಕಾಳಿನ ಕಥೆ ಎಷ್ಟೇ ಮನೋಹರವಾಗಿದ್ದರೂ ಅದನ್ನು ಕಥೆಯೆಂದೇ ಹೇಳಬೇಕು. 2014ರ ನವೆಂಬರ್ 1ರಿಂದ ಇಂಗ್ಲಿಷ್ ಬರಹದಲ್ಲಿಯೂ ನಗರದ ಅಧಿಕೃತ ಹೆಸರು ಬೆಂಗಳೂರು ಎಂದೇ ಆಗಿದೆ.

4. ಜನರಂಜನೆ ಕೊಟ್ಟ ಹೆಸರುಗಳು

ಊರಿನ ಹೆಸರುಗಳನ್ನೆಲ್ಲ ಅರಸರೂ ಶಾಸನಗಳೂ ಕೊಟ್ಟುವೆಂದು ತಿಳಿಯಬಾರದು. ಸಿನಿಮಾ ಮಂದಿರಗಳೂ ಬೆಂಗಳೂರಿಗೆ ಹೆಸರುಗಳನ್ನು ಕೊಟ್ಟಿವೆ. ಕೆಂಪೇಗೌಡ ಬಸ್ ನಿಲ್ದಾಣವಿರುವ ಪ್ರದೇಶ ಜನರ ಬಾಯಲ್ಲಿ ‘ಮೆಜೆಸ್ಟಿಕ್’. ಅದು ಅಲ್ಲಿದ್ದ ಒಂದು ಚಿತ್ರಮಂದಿರದ ಹೆಸರು. ಚಿತ್ರಮಂದಿರ ಹೋಯಿತು, ಹೆಸರು ಉಳಿಯಿತು. ಮೆಟ್ರೋ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿಟ್ಟಾಗಲೂ ಕೊನೆಗೆ ‘ಮೆಜೆಸ್ಟಿಕ್’ ಎಂದು ಸೇರಿಸಿಯೇ ಬರೆಯಬೇಕಾಯಿತು. ಮಿನರ್ವ ವೃತ್ತದ ಹೆಸರೂ ಹೀಗೆಯೇ ಬಂದದ್ದು. ಊರ್ವಶಿ, ನವರಂಗ್, ನಂದಾ, ಉಮಾ, ಕಾವೇರಿ ಎಂಬ ಚಿತ್ರಮಂದಿರಗಳ ಹೆಸರುಗಳು ನಿಲುಗಡೆಯ ಹೆಸರುಗಳಾಗಿ ರೂಢಿಯಾದುವು. ಇವುಗಳಲ್ಲಿ ಕೆಲವು ಮುಚ್ಚಿಹೋಗಿವೆ. ಕಾವೇರಿ ಚಿತ್ರಮಂದಿರ 2024ರಲ್ಲಿ ಬಾಗಿಲು ಹಾಕಿತು. ಆದರೂ ಪ್ರಯಾಣಿಕರು ಆ ಹೆಸರುಗಳನ್ನು ಹೇಳಿಯೇ ಇಳಿಯುತ್ತಾರೆ. ಪುರಾತನ ಕೆರೆಯ ಹೆಸರು ಹೇಗೆ ಕೆರೆ ಬತ್ತಿದ ಮೇಲೂ ಉಳಿಯಿತೋ ಹಾಗೆಯೇ ಚಿತ್ರಮಂದಿರದ ಹೆಸರೂ ಉಳಿದಿದೆ. ಜನರು ಸೇರಿ ನಕ್ಕ, ಅತ್ತ ಸ್ಥಳವನ್ನು ಭಾಷೆ ಬೇಗ ಬಿಟ್ಟುಕೊಡುವುದಿಲ್ಲ.

ಬಸ್ಸಿಗೂ ಬೆಳ್ಳಿತೆರೆಗೂ ಇನ್ನೊಂದು ನಂಟಿದೆ. ಬೆಂಗಳೂರು ಸಾರಿಗೆ ಸೇವೆಯಲ್ಲಿ ನಿರ್ವಾಹಕರಾಗಿದ್ದ ಶಿವಾಜಿರಾವ್ ಗಾಯಕವಾಡರು ಮದರಾಸಿಗೆ ಹೋಗಿ ನಟನೆಯನ್ನು ಕಲಿತು, 1975ರಲ್ಲಿ ತಮಿಳು ಚಿತ್ರರಂಗವನ್ನು ಪ್ರವೇಶಿಸಿ ರಜನೀಕಾಂತರೆಂದು ಪ್ರಸಿದ್ಧರಾದರು. 1976ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿಯೂ ಅವರ ಪಾತ್ರವುಂಟು. 1980ರಲ್ಲಿ ಬಂದ ‘ಆಟೋ ರಾಜ’ ಚಿತ್ರದಿಂದ ಶಂಕರ್ ನಾಗ್ ಆಟೋ ಚಾಲಕರ ಆತ್ಮೀಯರಾದರು. 1990ರ ಸೆಪ್ಟೆಂಬರ್ 30ರಂದು ಅವರು ಅಕಾಲ ಮರಣವನ್ನು ಹೊಂದಿ ದಶಕಗಳು ಕಳೆದರೂ, ಅವರ ಚಿತ್ರವನ್ನು ಹೊತ್ತ ಆಟೋಗಳೂ ಅವರ ಹೆಸರಿನ ಆಟೋ ನಿಲ್ದಾಣಗಳೂ ನಾಡಿನಲ್ಲಿ ಕಾಣಸಿಗುತ್ತವೆ. ಆಟೋಗಳ ಹಿಂಭಾಗದಲ್ಲಿ ಬರೆಸಿದ ನುಡಿಗಳನ್ನು ಸಂಗ್ರಹಿಸಿದರೆ ನಗರ ಜಾನಪದದ ಒಂದು ಪುಸ್ತಕವೇ ಆದೀತು.

ಬಾನುಲಿಯ ಮಾತನ್ನೂ ಇಲ್ಲಿಯೇ ಹೇಳಬಹುದು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಆರಂಭಿಸಿದ ಪ್ರಸಾರ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದು, ಮುಂದೆ ಅದು ಇಡೀ ಭಾರತದ ಬಾನುಲಿಗೆ ಹೆಸರಾಯಿತು. ಭಾರತದ ಮೊದಲನೆಯ ಖಾಸಗಿ ಎಫ್.ಎಂ. ಕೇಂದ್ರ 2001ರ ಜುಲೈಯಲ್ಲಿ ಆರಂಭವಾದದ್ದೂ ಬೆಂಗಳೂರಿನಲ್ಲಿಯೇ. ಎಫ್.ಎಂ. ನಿರೂಪಕರ ಕನ್ನಡವು ಇಂಗ್ಲಿಷಿನೊಡನೆ ಬೆರೆತು ಬಹಳ ವೇಗವಾಗಿ ಹರಿಯುತ್ತದೆ. ಅದನ್ನು ಕೇಳಿ ಪಂಡಿತರು ಮುಖ ಸಿಂಡರಿಸುವುದು ಸಹಜ. ಆದರೆ ಮಾರ್ಗದಲ್ಲಿ ವಾಹನಗಳ ದಟ್ಟಣೆ ಎಲ್ಲೆಲ್ಲಿದೆ ಎಂದು ಸ್ಥಳಗಳ ಹೆಸರು ಹಿಡಿದು ಹೇಳುವ ಆ ನಿರೂಪಕರು ‘ಹಳ್ಳಿ’ಯನ್ನು ಹಳ್ಳಿಯೆಂದೇ ಹೇಳಿದರೆ ಅದೂ ಒಂದು ಭಾಷಾಸೇವೆಯೇ ಸರಿ.

5. ದಾರಿ ತೋರುವ ಯಂತ್ರ

ಈಗ ಎರಡನೆಯ ಮಾರ್ಗದರ್ಶಕನ ವಿಚಾರ. ಅಮೆರಿಕ ದೇಶವು ಸೈನಿಕ ಉದ್ದೇಶಕ್ಕಾಗಿ ನಿರ್ಮಿಸಿದ ಜಿ.ಪಿ.ಎಸ್. ವ್ಯವಸ್ಥೆಯ ಮೊದಲ ಉಪಗ್ರಹ 1978ರಲ್ಲಿ ಮೇಲೇರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಕನಿಷ್ಠ 24 ಉಪಗ್ರಹಗಳು ಸುತ್ತುವಂತೆ ಅದನ್ನು ರಚಿಸಲಾಗಿದೆ. ಪ್ರತಿಯೊಂದು ಉಪಗ್ರಹವೂ ತಾನಿರುವ ಸ್ಥಳವನ್ನೂ ಆ ಕ್ಷಣದ ಕಾಲವನ್ನೂ ಸಾರುತ್ತಿರುತ್ತದೆ. ಸಂಕೇತವು ಹೊರಟ ಕಾಲಕ್ಕೂ ತಲಪಿದ ಕಾಲಕ್ಕೂ ಇರುವ ಅಂತರವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ಸಿಕ್ಕುತ್ತದೆ. ಮೂರು ದಿಕ್ಕಿನ ಸ್ಥಾನ ಮೂರು, ಕೈಯಲ್ಲಿರುವ ಯಂತ್ರದ ಗಡಿಯಾರದ ದೋಷ ಒಂದು, ಹೀಗೆ ನಾಲ್ಕು ಅಜ್ಞಾತಗಳಿರುವುದರಿಂದ ನಾಲ್ಕು ಉಪಗ್ರಹಗಳಾದರೂ ಬೇಕು. ಕಾಲದಲ್ಲಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೆ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಎಂದರೆ ಒಂದು ನಿಲುಗಡೆಯೇ ತಪ್ಪಿಹೋಗಬಹುದು. ಸಾರ್ವಜನಿಕರಿಗೆ ದೊರೆಯುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು 2000ದ ಮೇ ತಿಂಗಳಲ್ಲಿ ಅಮೆರಿಕ ಕೈಬಿಟ್ಟ ಮೇಲೆಯೇ ಬೀದಿಯ ಮಟ್ಟದ ಬಳಕೆ ವ್ಯಾಪಕವಾಯಿತು.

ಭಾರತವೂ ಏಳು ಉಪಗ್ರಹಗಳ ತನ್ನದೇ ವ್ಯವಸ್ಥೆಯನ್ನು ಯೋಜಿಸಿ, 2013ರ ಜುಲೈ 1ರಂದು ಮೊದಲ ಉಪಗ್ರಹವನ್ನು ಹಾರಿಸಿತು. 2016ರಲ್ಲಿ ಅದಕ್ಕೆ ‘ನಾವಿಕ್’ ಎಂಬ ಹೆಸರಾಯಿತು. ಇಂಗ್ಲಿಷ್ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರಾದರೂ, ‘ನೌ’ ಶಬ್ದದ ಮೇಲೆ ತದ್ಧಿತ ಪ್ರತ್ಯಯ ಬಂದು ಸಿದ್ಧವಾದ ‘ನಾವಿಕ’, ಎಂದರೆ ದೋಣಿ ನಡೆಸುವವ, ಎಂಬ ಅರ್ಥವೂ ಅದರಲ್ಲಿ ಕೂಡಿಬಂದಿದೆ. ಈ ವ್ಯವಸ್ಥೆಯ ಸಂಚಾಲನ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳು ಗ್ರಾಮದಲ್ಲಿ.

ಸ್ಥಳ ತಿಳಿದ ಮೇಲೆ ದಾರಿಯ ಲೆಕ್ಕ. ರಸ್ತೆಗಳನ್ನು ಗೆರೆಗಳೆಂದೂ ಕೂಡುರಸ್ತೆಗಳನ್ನು ಬಿಂದುಗಳೆಂದೂ ಭಾವಿಸಿ ಅತಿ ಹತ್ತಿರದ ದಾರಿಯನ್ನು ಕಂಡುಹಿಡಿಯುವ ಗಣಿತಕ್ರಮವೊಂದನ್ನು ಡಚ್ ವಿಜ್ಞಾನಿ ಡೈಕ್ಸ್ಟ್ರಾ 1959ರಲ್ಲಿ ಪ್ರಕಟಿಸಿದ್ದನು. ಅದೂ ಅದರ ಬೆಳವಣಿಗೆಗಳೂ ಇಂಥ ಲೆಕ್ಕಕ್ಕೆ ತಳಹದಿ. ರಸ್ತೆಯಲ್ಲಿರುವ ದೂರವಾಣಿಗಳ ಚಲನೆಯಿಂದಲೇ ವಾಹನದಟ್ಟಣೆಯನ್ನು ಅಂದಾಜು ಮಾಡಲಾಗುತ್ತದೆ. ಈ ಯಂತ್ರದ ಉಪಕಾರ ಅಲ್ಪವಲ್ಲ. ಕಣ್ಣು ಕಾಣದವನಿಗೆ ಅದು ದಾರಿಯನ್ನು ಓದಿ ಹೇಳುತ್ತದೆ. ಕಿವಿ ಕೇಳದವನಿಗೆ ಬರೆದು ತೋರಿಸುತ್ತದೆ. ರಾತ್ರಿಯ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಹೆಣ್ಣುಮಗಳಿಗೆ ಅಪರಿಚಿತರನ್ನು ಕೇಳುವ ಕಷ್ಟವನ್ನು ತಪ್ಪಿಸುತ್ತದೆ. ಇಂಥ ಸಾಧನವನ್ನು ನಿಂದಿಸುವುದು ಅವಿವೇಕ.

6. ಲಿಪಿಯ ದೋಷ

ಆದರೆ ಒಂದು ನ್ಯೂನತೆಯಿದೆ, ಅದು ಭಾಷೆಗೆ ಸಂಬಂಧಿಸಿದ್ದು. ಅನೇಕ ಭೂಪಟಗಳಲ್ಲಿ ಊರಿನ ಹೆಸರು ಮೊದಲು ರೋಮನ್ ಲಿಪಿಯಲ್ಲಿ ದಾಖಲಾಗುತ್ತದೆ. ಸಾಮಾನ್ಯ ರೋಮನ್ ಬರಹದಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ. ನಕಾರ ಣಕಾರಗಳಿಗೆ ಭೇದವಿಲ್ಲ. ಹ್ರಸ್ವ ದೀರ್ಘಗಳಿಗೂ ಭೇದವಿಲ್ಲ. ಆ ಬರಹವನ್ನು ನೋಡಿ ಯಂತ್ರವೋ ಕನ್ನಡವರಿಯದ ಮನುಷ್ಯನೋ ಉಚ್ಚರಿಸಿದಾಗ ‘ಹಳ್ಳಿ’ಯು ‘ಹಲ್ಲಿ’ಯಾಗುತ್ತದೆ. ಜನವಸತಿಯ ಗ್ರಾಮ ಗೋಡೆಯ ಮೇಲಿನ ಜಂತುವಾಗುತ್ತದೆ. ಮಾರತ್ತಹಳ್ಳಿಗೂ ಗುಟ್ಟಹಳ್ಳಿಗೂ ಇದೇ ಗತಿ. ಬಾಣಸವಾಡಿ ‘ಬನಸ್ವಾಡಿ’ಯಾಗುತ್ತದೆ, ದೊಮ್ಮಲೂರು ‘ಡೊಮ್ಲೂರ್’ ಆಗುತ್ತದೆ, ಹೆಬ್ಬಾಳ ‘ಹೆಬ್ಬಲ್’ ಆಗಿ ತನ್ನ ಪೊಳಲನ್ನೇ ಕಳೆದುಕೊಳ್ಳುತ್ತದೆ.

ಉಚ್ಚಾರದ ದೋಷ ಅಷ್ಟು ದೊಡ್ಡದೆ ಎಂದು ಕೇಳಬಹುದು. ಹಲಸೂರು ಆಂಗ್ಲರ ಬಾಯಲ್ಲಿ ‘ಅಲ್ಸೂರ್’ ಆದಾಗಲೂ ಜನರು ಹಲಸೂರೆಂದೇ ಹೇಳುತ್ತ ಬಂದರು. ಆದುದರಿಂದ ಹೆಸರು ಉಳಿಯಿತು. ಅಂದು ದೋಷವು ಕೆಲವರ ಬಾಯಲ್ಲಿತ್ತು. ಸರಿಯಾದ ರೂಪ ಬಹುಜನರ ಕಿವಿಯಲ್ಲಿತ್ತು. ಇಂದು ಒಂದೇ ಯಂತ್ರದ ಧ್ವನಿ ಲಕ್ಷ ಕಿವಿಗಳಿಗೆ ಒಂದೇ ತಪ್ಪನ್ನು ದಿನವೂ ಹೇಳಬಲ್ಲದು. ಕನ್ನಡದ ಮಕ್ಕಳೇ ಅದನ್ನು ಕೇಳಿ ತಮ್ಮ ಊರಿನ ಹೆಸರನ್ನು ಹಾಗೆ ಹೇಳತೊಡಗಿದರೆ ತಿದ್ದುವವರು ಯಾರು? ಲೋಪ, ಆದೇಶಗಳಿಂದ ಶಬ್ದ ಬದಲಾಗುವುದು ಭಾಷೆಯ ಸ್ವಭಾವ. ‘ಸಮುದ್ರ’ ‘ಸಂದ್ರ’ವಾದದ್ದು ಜನರ ನಾಲಗೆಯ ಮೇಲೆ. ಲಿಪಿಯ ಬಡತನದಿಂದ ಶಬ್ದ ಕೆಡುವುದು ಬೇರೆಯ ಮಾತು. ಎರಡನ್ನೂ ಒಂದೇ ಎಂದು ಎಣಿಸಲಾಗದು.

ಈ ದೋಷ ಅನಿವಾರ್ಯವೂ ಅಲ್ಲ. ಯಂತ್ರಕ್ಕೆ ಕನ್ನಡ ಅಕ್ಷರಗಳನ್ನೇ ಕೊಟ್ಟರೆ ಅದು ಕನ್ನಡವನ್ನೇ ಓದುತ್ತದೆ. ಕನ್ನಡದಲ್ಲಿ ದಾರಿ ಹೇಳುವ ಭೂಪಟಗಳು ಈಗಾಗಲೇ ಇವೆ. ಅವುಗಳಲ್ಲಿ ತಪ್ಪಾಗಿ ದಾಖಲಾದ ಹೆಸರನ್ನು ಬಳಕೆದಾರರು ತಿದ್ದುಪಡಿಗಾಗಿ ಸೂಚಿಸುವ ಅವಕಾಶವೂ ಇದೆ. ತಿದ್ದಬಲ್ಲವರು ಮುಂದೆ ಬರಬೇಕು, ಅಷ್ಟೆ.

7. ಕೇಳುವ ಮಾತು, ಹೇಳುವ ದನಿ

ಇನ್ನೊಂದು ನಷ್ಟವನ್ನು ಅಕ್ಷರದಿಂದ ತಿದ್ದಲಾಗದು. ದಾರಿಯನ್ನು ಹೇಳುವ ಮನುಷ್ಯನು ಮೀಟರುಗಳಲ್ಲಿ ಹೇಳುವುದಿಲ್ಲ. ‘ಮುಂದೆ ಅರಳಿಕಟ್ಟೆ ಸಿಗುತ್ತೆ, ಅದರ ಪಕ್ಕದ ಗಲ್ಲಿಯಲ್ಲಿ ಹೋಗಿ, ಅಲ್ಲಿ ಯಾರನ್ನಾದರೂ ಕೇಳಿ, ತೋರಿಸುತ್ತಾರೆ’ ಎನ್ನುತ್ತಾನೆ. ಈ ಮಾತಿನ ಕೊನೆಯ ಭಾಗವೇ ಗಮನಾರ್ಹ. ತನಗೆ ತಿಳಿಯದುದು ಮತ್ತೊಬ್ಬನಿಗೆ ತಿಳಿದಿರುತ್ತದೆ, ಅವನು ಹೇಳದೆ ಇರಲಾರ ಎಂಬ ನಂಬಿಕೆ ಅದರಲ್ಲಿದೆ. ಬಾಯಿದ್ದವನು ಬರಗಾಲದಲ್ಲಿಯೂ ಬದುಕಿಯಾನೆಂಬ ಗಾದೆ ಇಂಥ ನಂಬಿಕೆಯ ಮೇಲೆಯೇ ನಿಂತದ್ದು. ಕಿವಿಯಲ್ಲಿ ಯಂತ್ರವನ್ನು ಇಟ್ಟುಕೊಂಡು ಹೋಗುವ ಹೊಸಬನು ದಾರಿಯನ್ನು ತಪ್ಪುವುದಿಲ್ಲ ನಿಜ. ಆದರೆ ವರ್ಷಗಳು ಕಳೆದರೂ ಅವನಿಗೆ ‘ಎಲ್ಲಿಗೆ’ ಎಂಬ ಒಂದು ಕನ್ನಡ ಪದವೂ ಬಾರದೆ ಇರಬಹುದು. ನಗರದಲ್ಲಿ ಕನ್ನಡ ಕಲಿಯದವರ ಬಗೆಗೆ ದೂರುಗಳು ಆಗಾಗ ಕೇಳಿಬರುತ್ತವೆ. ಕಲಿಯುವ ಸಂದರ್ಭಗಳೇ ಒಂದೊಂದಾಗಿ ಕಡಮೆಯಾಗುತ್ತಿವೆ ಎಂಬುದನ್ನೂ ಆ ದೂರುಗಳ ಜೊತೆಗೆ ಎಣಿಸಬೇಕು.

ಯಂತ್ರದ ಮೂಲಕ ಬರುವ ದನಿಯೆಲ್ಲ ಹೀಗೆ ನೀರಸವಾಗಿರಲೇಬೇಕೆಂದಿಲ್ಲ. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ‘ನಮ್ಮ ಮೆಟ್ರೋ’ದ ಮೊದಲ ಹಂತದ ಸಂಚಾರ ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ಆರಂಭವಾಯಿತು. ಅದರ ಕನ್ನಡ ಪ್ರಕಟಣೆಗಳಿಗೆ ದನಿಯನ್ನು ಕೊಟ್ಟವರು ಪ್ರಸಿದ್ಧ ನಿರೂಪಕಿ ಅಪರ್ಣಾ. ಅವರು ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದ ನಟಿ; ಆಕಾಶವಾಣಿ, ದೂರದರ್ಶನಗಳಲ್ಲಿ ನುರಿತ ದನಿ; ‘ಮಜಾ ಟಾಕೀಸ್’ ಎಂಬ ಕಿರುತೆರೆಯ ಹಾಸ್ಯ ಕಾರ್ಯಕ್ರಮದಲ್ಲಿ ವರಲಕ್ಷ್ಮಿಯ ಪಾತ್ರದಿಂದ ಮನೆಮಾತಾದವರು. ಹಾಸ್ಯಕ್ಕೆ ಒದಗಿದ ನಾಲಗೆಯೇ ನಿಲ್ದಾಣಗಳ ಹೆಸರುಗಳನ್ನು ಳಕಾರ ಣಕಾರಗಳು ಕೆಡದಂತೆ, ಅಲ್ಪಪ್ರಾಣ ಮಹಾಪ್ರಾಣಗಳು ಬೆರೆಯದಂತೆ ನುಡಿಯಿತು. 2024ರ ಜುಲೈ 11ರಂದು ಅವರು ನಿಧನರಾದಾಗ, ಅವರನ್ನು ಎಂದೂ ಕಾಣದಿದ್ದ ಎಷ್ಟೋ ಪ್ರಯಾಣಿಕರಿಗೆ ಪರಿಚಿತರೊಬ್ಬರನ್ನು ಕಳೆದುಕೊಂಡಂತಾಯಿತು. ಶುದ್ಧವಾದ ಉಚ್ಚಾರಣೆ ಜನರಿಗೆ ಬೇಡವಾಗಿದೆ ಎಂದು ಹೇಳುವವರು ಈ ಸಂಗತಿಯನ್ನು ನೆನೆಯಬೇಕು.

8. ಅಧ್ಯಾಪಕರು ಮಾಡಬಹುದಾದುದು

ಮೇಲಿನ ವಿಚಾರಗಳಿಂದ ಶಾಲೆಗಳಿಗೆ ಕೆಲವು ಸುಲಭವಾದ ಕೆಲಸಗಳು ದೊರೆಯುತ್ತವೆ. ಮೊದಲನೆಯದಾಗಿ, ಎಂಟನೆಯ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳು ತಾವು ಪ್ರಯಾಣ ಮಾಡುವ ಒಂದು ಬಸ್ ಮಾರ್ಗದ ಎಲ್ಲ ನಿಲುಗಡೆಗಳ ಹೆಸರುಗಳನ್ನೂ ಬರೆದು ತರಲಿ. ಅವುಗಳನ್ನು ಕೆರೆಯ ಹೆಸರು, ಕಸುಬಿನ ಹೆಸರು, ವ್ಯಕ್ತಿಯ ಹೆಸರು, ಕಾರ್ಖಾನೆ ಅಥವಾ ಚಿತ್ರಮಂದಿರದ ಹೆಸರು ಎಂದು ವಿಂಗಡಿಸಲಿ. ಸಂಧಿ ಸಮಾಸಗಳಿಗೆ ಅವುಗಳಿಂದಲೇ ಉದಾಹರಣೆ ಕೊಡಲಿ. ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಯಾವ ತಾಲ್ಲೂಕಿನ ಮಾರ್ಗವಾದರೂ ಆಗುತ್ತದೆ.

ಎರಡನೆಯದಾಗಿ, ಆ ಹೆಸರಿನ ಹಿನ್ನೆಲೆಯನ್ನು ಮನೆಯ, ಊರಿನ ಹಿರಿಯರಿಂದ ಕೇಳಿ ಬರೆಯಲಿ. ಹಿರಿಯರು ಹೇಳಿದ ಕಥೆಯನ್ನೂ ಶಾಸನದ ಆಧಾರವನ್ನೂ ಬೇರೆ ಬೇರೆಯಾಗಿ ಇಡುವ ಶಿಸ್ತನ್ನು ಅಧ್ಯಾಪಕರು ಕಲಿಸಬೇಕು. ಮೂರನೆಯದಾಗಿ, ಭೂಪಟದಲ್ಲಿ ತಮ್ಮ ಊರಿನ ಹೆಸರು ಹೇಗಿದೆ ಎಂದು ನೋಡಿ, ತಪ್ಪಿದ್ದರೆ ಅಧ್ಯಾಪಕರ ಮಾರ್ಗದರ್ಶನದಲ್ಲಿ ಕನ್ನಡ ರೂಪವನ್ನು ಸೂಚಿಸಲಿ. ನಾಲ್ಕನೆಯದಾಗಿ, ಗಟ್ಟಿಯಾಗಿ ಓದುವ ಪಾಠವನ್ನು ಬಿಡಬಾರದು. ಳ, ಣ, ಮಹಾಪ್ರಾಣಗಳ ಅಭ್ಯಾಸಕ್ಕೆ ನಿಲ್ದಾಣಗಳ ಪ್ರಕಟಣೆಯನ್ನು ಓದಿಸುವುದು ಒಳ್ಳೆಯ ಉಪಾಯ. ಮಕ್ಕಳಿಗೆ ಆಟವೂ ಆಗುತ್ತದೆ.

ಕೊನೆಯದಾಗಿ, ದಾರಿಯನ್ನು ಕೇಳುವುದೂ ಹೇಳುವುದೂ ಒಂದು ಭಾಷಾಕೌಶಲವೆಂದು ಬಗೆದು ಅದನ್ನು ಕಲಿಸಬೇಕು. ಅಪರಿಚಿತನನ್ನು ಯಾವ ಪದದಿಂದ ಕರೆಯಬೇಕು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಗೆ ಹೇಳಬೇಕು, ಭಾಷೆ ಬಾರದವನಿಗೆ ತಾಳ್ಮೆಯಿಂದ ಹೇಗೆ ತಿಳಿಸಬೇಕು ಎಂಬುವು ಪರೀಕ್ಷೆಯ ಪ್ರಶ್ನೆಗಳಲ್ಲದಿರಬಹುದು. ಆದರೆ ಶಾಲೆಯಿಂದ ಹೊರಟು ನಗರಗಳಲ್ಲಿ ನೆಲೆಸುವ ವಿದ್ಯಾರ್ಥಿಗಳಿಗೆ ಅವು ದಿನವೂ ಬೇಕಾಗುವ ವಿದ್ಯೆ. ನಗರಗಳಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ನೆರವಾಗಬಹುದು. ಯಂತ್ರಗಳಿಗೆ ಭಾಷೆಯನ್ನು ಕಲಿಸುವ ಸಂಸ್ಥೆಗಳಲ್ಲಿ ದುಡಿಯುವ ಕನ್ನಡಿಗರು ಅನೇಕರಿದ್ದಾರೆ. ಹಳ್ಳಿಗೂ ಹಲ್ಲಿಗೂ ಇರುವ ಭೇದವನ್ನು ಯಂತ್ರಕ್ಕೆ ತಿಳಿಸಲು ಅವರಿಗಿಂತ ಅರ್ಹರು ಬೇರೆ ಯಾರಿದ್ದಾರೆ?

ಉಪಸಂಹಾರ

ಬಸ್ಸಿನ ಫಲಕ, ನಿರ್ವಾಹಕನ ಕೂಗು, ಚಿತ್ರಮಂದಿರದ ಹೆಸರು, ಬಾನುಲಿಯ ಮಾತು, ಯಂತ್ರದ ಧ್ವನಿ ಇವೆಲ್ಲವೂ ಇಂದಿನ ಕನ್ನಡದ ಆಕರಗಳು. ಇವುಗಳನ್ನು ಕೀಳೆಂದು ಬದಿಗಿರಿಸಿದರೆ ವ್ಯಾಕರಣದ ಪಾಠಕ್ಕೂ ವಿದ್ಯಾರ್ಥಿಯ ಬದುಕಿಗೂ ಸಂಬಂಧ ತಪ್ಪುತ್ತದೆ. ಹೊಸ ಸಾಧನಗಳು ಬರಲಿ, ಉಪಯೋಗಕ್ಕೂ ಒದಗಲಿ. ಅವು ಊರುಗಳನ್ನು ಅವುಗಳ ಹೆಸರಿನಿಂದಲೇ ಕರೆಯುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಹೆಸರಿನ ಅರ್ಥವನ್ನು ಬಲ್ಲವರದು. ಆ ಅರ್ಥವನ್ನು ಮುಂದಿನ ತಲೆಮಾರಿಗೆ ತಿಳಿಸುವ ಸ್ಥಳ ಶಾಲೆ. ತಿಳಿಸಬೇಕಾದವರು ಕನ್ನಡದ ಅಧ್ಯಾಪಕರು.